ಲಾಗ್ ಸುಳ್ಳು ಹೇಳಲ್ಲ ಅಂತ ಯಾರು ಹೇಳಿದ್ದು?

“ಡಿಬಗ್ಗರ್ ಗಿಬಗ್ಗರ್ ಎಲ್ಲಾ ಯಾಕ್ರೀ, ನಾಲ್ಕು ಪ್ರಿಂಟ್‌ಎಫ್ ಹಾಕಿ, ತಾನೇ ಗೊತ್ತಾಗುತ್ತೆ.”

ನಾನು ಕೆಲಸ ಮಾಡಿದ ಪ್ರತಿ ಆಫೀಸಿನಲ್ಲೂ ಈ ಮಾತು ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಸೀನಿಯರುಗಳು. ಹೇಳುವಾಗ ಮುಖದಲ್ಲಿ ಸಣ್ಣದೊಂದು ಹೆಮ್ಮೆಯೂ ಇರುತ್ತೆ, ಡಿಬಗ್ಗರ್ ಅನ್ನೋದು ಕೈಲಾಗದವರ ಊರುಗೋಲು ಅನ್ನೋ ಥರ. ಸುಳ್ಳು ಯಾಕೆ ಹೇಳಲಿ, ಏಳೆಂಟು ವರ್ಷ ನಾನೂ ಇದನ್ನೇ ಹೇಳಿಕೊಂಡು ತಿರುಗಿದವನು. ಈಗ ಯಾರಾದರೂ ಹೇಳಿದರೆ ಮೈ ಉರಿಯುತ್ತೆ. ಯಾಕೆ ಅಂತ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಆಗ ನಮ್ಮ ಟೀಮಿನದು ಬಿಲ್ಲಿಂಗ್ ಕೆಲಸ. ಸಿ ಭಾಷೆಯ ಹಳೇ ಪ್ರೋಗ್ರಾಮು. ರಾತ್ರಿ ಒಂದು ಶೆಲ್ ಸ್ಕ್ರಿಪ್ಟು ದಿನದ ದಾಖಲೆಗಳನ್ನೆಲ್ಲ ಪೈಪಿನ ಮೂಲಕ ಅದಕ್ಕೆ ಸುರಿಯುತ್ತಿತ್ತು, ಅದು ಪ್ರಿಂಟ್ ಮಾಡಿದ್ದನ್ನೆಲ್ಲ ಲಾಗ್ ಫೈಲಿಗೆ ತಿರುಗಿಸುತ್ತಿತ್ತು. ಒಳಗೆ ಮೂರು ಹಂತ: ದಾಖಲೆ ಓದಿ ಬಿಡಿಸುವುದು, ಸರಿಯಿದೆಯಾ ಅಂತ ನೋಡುವುದು, ದರ ಹಾಕಿ ಲೆಕ್ಕ ಮಾಡುವುದು. ಪ್ರತಿ ಹಂತವೂ ದಾಖಲೆಗೆ ಒಂದು ಸಾಲು ಪ್ರಿಂಟ್ ಮಾಡುತ್ತಿತ್ತು. ಮೊದಲ ಹಂತವನ್ನು ಹೊಸದಾಗಿ ಬರೆದವಳು ಆರು ತಿಂಗಳ ಹಿಂದೆ ಸೇರಿದ್ದ ಹುಡುಗಿ. ಮೂರನೆಯದು ನನ್ನದು.

ಒಂದು ರಾತ್ರಿ ಪ್ರೋಗ್ರಾಮು ಸತ್ತಿತು. ಬೆಳಿಗ್ಗೆ ಲಾಗ್ ತೆಗೆದು ನೋಡಿದರೆ ಕೊನೆಯ ಸಾಲು ಅವಳ ಹಂತದ್ದು. ಅದೂ ಪೂರ್ತಿ ಸಾಲಲ್ಲ, ಪದದ ಮಧ್ಯಕ್ಕೇ ತುಂಡಾಗಿತ್ತು. “ಪ್ರಿಂಟ್ ಮಾಡ್ತಾ ಮಾಡ್ತಾನೇ ಸತ್ತಿದೆ ನೋಡಿ” ಅಂದರು ಮ್ಯಾನೇಜರ್. ಆ ದಾಖಲೆಯೊಂದನ್ನೇ ಕೊಟ್ಟು ಓಡಿಸಿದರೆ ಏನೂ ಆಗುತ್ತಿರಲಿಲ್ಲ, ಪೂರ್ತಿ ದಿನದ ದಾಖಲೆ ಕೊಟ್ಟರೆ ಸಾಯುತ್ತಿತ್ತು. ಹಾಗಾದರೆ ಇವಳ ಕೋಡು ಎಲ್ಲೋ ಮೆಮೊರಿ ಕೆಡಿಸುತ್ತಿದೆ ಅಂತ ತೀರ್ಮಾನವಾಯಿತು. ತೀರ್ಮಾನ ಮಾಡಿದವರಲ್ಲಿ ನಾನೂ ಒಬ್ಬ. ಅವಳು ಮೆಲ್ಲಗೆ, “ಸರ್, ನನ್ನ ಕಡೆ ಎಲ್ಲಾ ನೋಡಿದೆ, ಏನೂ ಕಾಣ್ತಿಲ್ಲ” ಅಂದಾಗ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ಲಾಗ್ ಸುಳ್ಳು ಹೇಳಲ್ಲಮ್ಮ.”

ಪಾಪ, ಅವಳು ನಮ್ಮ ಉಪದೇಶವನ್ನೇ ಪಾಲಿಸಿದಳು. ತನ್ನ ಹಂತದಲ್ಲಿ ಪ್ರಿಂಟ್‌ಎಫ್ ಹೆಚ್ಚು ಮಾಡಿದಳು. ಒಂದಿದ್ದದ್ದು ಆರಾಯಿತು, ಆರಿದ್ದದ್ದು ಹತ್ತಾಯಿತು. ಮತ್ತೆ ಓಡಿಸಿದರೆ ಲಾಗ್ ಮತ್ತೆ ಅವಳದೇ ಸಾಲಿನಲ್ಲಿ ನಿಲ್ಲುತ್ತಿತ್ತು. ಎರಡು ವಾರ ಆ ಹಂತವನ್ನು ಮೊದಲಿನಿಂದ ಬರೆದಳು. ಹದಿನಾಲ್ಕು ಜನರಿರುವ ಮೇಲಿನಲ್ಲಿ ಅವಳ ಮಾಡ್ಯೂಲಿನ ಹೆಸರು ಕೆಂಪು ಅಕ್ಷರದಲ್ಲಿ ಬಂತು.

ಕೊನೆಗೆ ಒಂದು ಶನಿವಾರ ಬೇರೇನೂ ಕೆಲಸವಿಲ್ಲದೆ ಆ ಮೊದಲ ರಾತ್ರಿಯ ಲಾಗ್ ಫೈಲಿನ ಗಾತ್ರ ನೋಡಿದೆ. 40,960 ಬೈಟು. ಅಂದರೆ 4096ರ ಸರಿಯಾಗಿ ಹತ್ತು ಪಟ್ಟು. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು.

ಯಾಕೆ ಅಂತ ಹೇಳ್ತೀನಿ. ಸಿ ಪ್ರೋಗ್ರಾಮು ಪ್ರಿಂಟ್‌ಎಫ್ ಅಂದ ತಕ್ಷಣ ಅಕ್ಷರ ಹೊರಗೆ ಹೋಗುವುದಿಲ್ಲ, ಒಂದು ಬಫರಿನಲ್ಲಿ ಕೂರುತ್ತೆ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುತ್ತಿದ್ದರೆ ಸಾಲು ಮುಗಿದಾಗಲೆಲ್ಲ ಬಫರ್ ಖಾಲಿಯಾಗುತ್ತೆ. ಅದೇ ಔಟ್‌ಪುಟ್ಟನ್ನು ಫೈಲಿಗೋ ಪೈಪಿಗೋ ತಿರುಗಿಸಿದಿರಿ ಅನ್ನಿ, ಆಗ ಬಫರ್ ತುಂಬುವ ತನಕ ಏನೂ ಆಚೆ ಬರುವುದಿಲ್ಲ. ಲಿನಕ್ಸಿನಲ್ಲಿ ಆ ಬಫರ್ ಸಾಮಾನ್ಯವಾಗಿ 4096 ಬೈಟಿನದು. ಸಾಲಿಗೆ 60 ಅಕ್ಷರ ಅಂತಿಟ್ಟುಕೊಂಡರೂ ಹತ್ತಿರ ಹತ್ತಿರ 70 ಸಾಲು ಒಳಗೇ ಕೂತಿರಬಹುದು. ಪ್ರೋಗ್ರಾಮು ನೆಟ್ಟಗೆ ಮುಗಿದರೆ ಹೋಗುವಾಗ ಬಫರ್ ಖಾಲಿ ಮಾಡಿ ಹೋಗುತ್ತೆ. ಸೆಗ್‌ಮೆಂಟೇಶನ್ ಫಾಲ್ಟ್ ಆಗಿ ಸತ್ತರೆ ಆ ಸಾಲುಗಳೂ ಜೊತೆಗೇ ಸಾಯುತ್ತವೆ.

ನಮ್ಮೂರಿನ ಹಾಲಿನ ಡೈರಿ ನೆನಪಾಗುತ್ತೆ. ಮನೆಮನೆಯವರು ತಂದು ಸುರಿದ ಹಾಲು ಕ್ಯಾನಿನಲ್ಲಿರುತ್ತೆ, ಕ್ಯಾನು ತುಂಬಿದ ಮೇಲೆ ವ್ಯಾನು ಹೊರಡುತ್ತೆ. ದಾರಿಯಲ್ಲಿ ವ್ಯಾನು ಮಗುಚಿಕೊಂಡರೆ ಪೇಟೆಯ ಲೆಕ್ಕದಲ್ಲಿ ಆವತ್ತು ಹಾಲೇ ಬಂದಿಲ್ಲ. ಹಾಗಂತ ಕೊನೆಯಲ್ಲಿ ಹಾಲು ತಂದವರ ಎಮ್ಮೆ ಬತ್ತಿದೆ ಅಂತ ಯಾರಾದರೂ ಹೇಳ್ತಾರಾ? ನಾವು ಹೇಳಿದ್ದೆವು. ಪದದ ಮಧ್ಯೆ ತುಂಡಾದ ಆ ಸಾಲು ಪ್ರೋಗ್ರಾಮು ಸತ್ತ ಜಾಗ ಅಲ್ಲ, 4096ನೆಯ ಬೈಟು ಬಿದ್ದ ಜಾಗ, ಅಷ್ಟೆ.

ಇನ್ನೊಂದು ಘೋರ ಗಮನಿಸಿ. ಅವಳು ತನ್ನ ತಪ್ಪಿಲ್ಲ ಅಂತ ತೋರಿಸಲು ಪ್ರಿಂಟ್ ಹೆಚ್ಚು ಮಾಡಿದಷ್ಟೂ ಲಾಗಿನಲ್ಲಿ ಅವಳ ಸಾಲುಗಳೇ ಹೆಚ್ಚಾದವು. ಹಾಗಾಗಿ ಕತ್ತರಿ ಅವಳ ಸಾಲಿನ ಮೇಲೇ ಬೀಳುವ ಸಂಭವವೂ ಹೆಚ್ಚಾಯಿತು. ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಬರೆದುಕೊಡುವ ಹಾಗೆ ಮಾಡಿದ್ದೆವು.

ಸರಿ, ಹಾಗಾದರೆ ಎರಡು ವಾರ ಯಾರೂ ಡಿಬಗ್ಗರ್ ಯಾಕೆ ಮುಟ್ಟಲಿಲ್ಲ? ಮುಟ್ಟಿದ್ದರು. ನಮ್ಮಲ್ಲೊಬ್ಬ ಎರಡನೇ ದಿನವೇ ಜಿಡಿಬಿ ಓಡಿಸಿದ್ದ. ಸ್ಕ್ರಿಪ್ಟಿನಲ್ಲಿ ಇದ್ದ ಹಾಗೇ ದಾಖಲೆಗಳ ಫೈಲನ್ನು ಪೈಪ್ ಮಾಡಿ ಜಿಡಿಬಿಗೆ ಕೊಟ್ಟಿದ್ದ. ಏನಾಗುತ್ತೆ? ಜಿಡಿಬಿ ಆ ದಾಖಲೆಗಳನ್ನು ತನಗೆ ಕೊಟ್ಟ ಕಮಾಂಡು ಅಂತ ಓದಿಕೊಂಡಿತು. ಇಂಥ ಕಮಾಂಡು ಇಲ್ಲ, ಇಂಥ ಕಮಾಂಡು ಇಲ್ಲ ಅಂತ ಪರದೆ ತುಂಬ ಕಾರಿಕೊಂಡಿತು. “ಸ್ಟ್ಯಾಂಡರ್ಡ್ ಇನ್‌ಪುಟ್ ಓದೋ ಪ್ರೋಗ್ರಾಮಿಗೆ ಜಿಡಿಬಿ ಆಗಲ್ಲ ಗುರು” ಅಂತ ಅವನು ಘೋಷಿಸಿದ. ನಾವೆಲ್ಲ ತಲೆಯಾಡಿಸಿದೆವು. ಕುಣಿಯಲಾರದವಳಿಗೆ ನೆಲ ಡೊಂಕು.

ನನ್ನ ಜಗಳ ಇರುವುದು ಸರಿಯಾಗಿ ಇಲ್ಲೇ. ಡಿಬಗ್ಗರ್ ಹಾಕಿದ ಕೂಡಲೇ ಒಂದೇ ಕೋಣೆಯಲ್ಲಿ ಇಬ್ಬರು ಮಾತಾಡುತ್ತಿರುತ್ತಾರೆ. ನಿಮ್ಮ ಪ್ರೋಗ್ರಾಮಿಗೂ ಒಂದು ಕಿವಿ, ಒಂದು ಬಾಯಿ. ಡಿಬಗ್ಗರಿಗೂ ಒಂದು ಕಿವಿ, ಒಂದು ಬಾಯಿ. ಏನೂ ಹೇಳದಿದ್ದರೆ ಇಬ್ಬರೂ ಒಂದೇ ಟರ್ಮಿನಲ್ಲಿನಲ್ಲಿ ಕೇಳುತ್ತಾರೆ, ಒಂದೇ ಟರ್ಮಿನಲ್ಲಿನಲ್ಲಿ ಒದರುತ್ತಾರೆ. ಇವರಿಬ್ಬರನ್ನು ಬೇರೆ ಕೂರಿಸುವುದು ಡಿಬಗ್ ಮಾಡುವವನ ಮೊದಲ ಕೆಲಸ. ನಾವು ಅದನ್ನು ಕಲಿಯುವುದೇ ಇಲ್ಲ. ಕಲಿಯದೆ, ಗಲಾಟೆ ಜಾಸ್ತಿ ಅಂತ ಡಿಬಗ್ಗರನ್ನೇ ಮನೆಯಿಂದಾಚೆ ಹಾಕುತ್ತೇವೆ.

ಕಲಿಯಲು ಬ್ರಹ್ಮವಿದ್ಯೆ ಏನಿಲ್ಲ. ಜಿಡಿಬಿ ಒಳಗೆ ಹೋಗಿ ರನ್ ಅಂತ ಬರೆದು, ಅದೇ ಸಾಲಿನಲ್ಲಿ < ಗುರುತು ಹಾಕಿ ಫೈಲಿನ ಹೆಸರು ಕೊಡಿ. ಮುಗೀತು. ಜಿಡಿಬಿ ನಿಮ್ಮ ಪ್ರೋಗ್ರಾಮನ್ನು ಒಂದು ಶೆಲ್ಲಿನ ಮೂಲಕವೇ ಶುರು ಮಾಡುವುದರಿಂದ ಆ ಗುರುತು ಅದಕ್ಕೆ ಅರ್ಥವಾಗುತ್ತೆ. ಪ್ರೋಗ್ರಾಮು ಫೈಲಿನಿಂದ ಓದುತ್ತೆ, ಡಿಬಗ್ಗರ್ ನಿಮ್ಮ ಕೀಬೋರ್ಡಿನಿಂದ ಕೇಳುತ್ತೆ. ಅದೇ < ಗುರುತನ್ನು ಜಿಡಿಬಿ ಶುರು ಮಾಡುವ ಹೊರಗಿನ ಸಾಲಿನಲ್ಲಿ ಹಾಕಿದರೆ ಹೊರಗಿನ ಶೆಲ್ಲು ಫೈಲನ್ನು ಡಿಬಗ್ಗರಿನ ಬಾಯಿಗೇ ತುರುಕುತ್ತೆ. ಗುರುತು ಒಂದೇ. ಹೊಸಿಲ ಒಳಗೋ ಹೊರಗೋ ಅನ್ನೋದಷ್ಟೇ ವ್ಯತ್ಯಾಸ. ನಮಗೆ ಎರಡು ವಾರ ಹಿಡಿಸಿದ್ದು ಈ ವ್ಯತ್ಯಾಸ.

ಪೈಪ್ ಬಗ್ಗೆ ಜಿಡಿಬಿಯ ಕೈಪಿಡಿಯಲ್ಲೇ ಎಚ್ಚರಿಕೆ ಇದೆ: ರನ್ ಸಾಲಿನಲ್ಲಿ ಪೈಪ್ ಹಾಕಿ ಔಟ್‌ಪುಟ್ಟನ್ನು ಇನ್ನೊಂದು ಪ್ರೋಗ್ರಾಮಿಗೆ ಕಳಿಸಲು ಹೋದರೆ ಅದು ಬೇರೆ ಯಾವುದೋ ಪ್ರೋಗ್ರಾಮನ್ನು ಡಿಬಗ್ ಮಾಡುತ್ತಾ ಕೂರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಪೈಪಿನಲ್ಲಿ ಬರುವುದನ್ನು ಮೊದಲು ಫೈಲಿಗೆ ಉಳಿಸಿಕೊಳ್ಳಿ, ಆಮೇಲೆ ಆ ಫೈಲು ಕೊಡಿ. ಪೈಪೇ ಬೇಕು ಅನ್ನುವ ಸಂದರ್ಭವಿದ್ದರೆ ಪ್ರೋಗ್ರಾಮನ್ನು ಎಂದಿನಂತೆ ಶುರು ಮಾಡಿ, ಅದರ ಪ್ರೋಸೆಸ್ ನಂಬರ್ ಹಿಡಿದು ಅಟ್ಯಾಚ್ ಮಾಡಿ. ಅದರ ಕಿವಿ ಬಾಯಿ ಇದ್ದಲ್ಲೇ ಇರುತ್ತವೆ, ನೀವು ಪಕ್ಕದಲ್ಲಿ ಕೂತು ನೋಡುತ್ತೀರಿ.

ಮೆನು ತೋರಿಸುವ, ಪರದೆ ಪೂರ್ತಿ ಬಳಸುವ ಪ್ರೋಗ್ರಾಮಾದರೆ ಎರಡು ಟರ್ಮಿನಲ್ ತೆಗೆಯಿರಿ. ಎರಡನೆಯದರಲ್ಲಿ ಟಿಟಿವೈ ಅಂತ ಕಮಾಂಡು ಕೊಟ್ಟರೆ ಅದರ ಹೆಸರು ಹೇಳುತ್ತೆ, /ಡೆವ್/ಪಿಟಿಎಸ್/3 ಅಂತಲೋ ಏನೋ. ಜಿಡಿಬಿಯಲ್ಲಿ ಟಿಟಿವೈ ಅಂತ ಬರೆದು ಆ ಹೆಸರು ಕೊಟ್ಟು ಆಮೇಲೆ ರನ್ ಅನ್ನಿ. ಪ್ರೋಗ್ರಾಮಿನ ಸಂಸಾರ ಆ ಕಿಟಕಿಯಲ್ಲಿ, ಡಿಬಗ್ಗರಿನ ಸಂಸಾರ ಈ ಕಿಟಕಿಯಲ್ಲಿ. ಒಂದೇ ಒಂದು ಕಿವಿಮಾತು: ಎರಡನೇ ಟರ್ಮಿನಲ್ಲಿನಲ್ಲಿ ಸ್ಲೀಪ್ 10000 ಅಂತ ಕೊಟ್ಟು ಅಲ್ಲಿರುವ ಶೆಲ್ಲನ್ನು ಮಲಗಿಸಿ. ಇಲ್ಲದಿದ್ದರೆ ನೀವು ಒತ್ತಿದ ಅಕ್ಷರಗಳಲ್ಲಿ ಕೆಲವು ಪ್ರೋಗ್ರಾಮಿಗೆ, ಕೆಲವು ಶೆಲ್ಲಿಗೆ ಹೋಗಿ, ಕೀಬೋರ್ಡಿಗೆ ದೆವ್ವ ಹಿಡಿದಿದೆ ಅಂತ ನೀವು ಓಡಬೇಕಾಗುತ್ತೆ.

ಔಟ್‌ಪುಟ್ ಫೈಲಿಗೆ ಹೋಗುತ್ತಿರುವಾಗ ಬ್ರೇಕ್‌ಪಾಯಿಂಟಿನಲ್ಲಿ ನಿಂತಿದ್ದೀರಿ, ಫೈಲಿನಲ್ಲಿ ಇನ್ನೂ ಏನೂ ಕಾಣುತ್ತಿಲ್ಲ. ಡಿಬಗ್ಗರಿನಿಂದಲೇ ಎಫ್‌ಫ್ಲಶ್ ಕರೆದರೆ ಬಫರಿನಲ್ಲಿ ಕೂತಿದ್ದೆಲ್ಲ ಆಚೆ ಬರುತ್ತೆ. ಪ್ರಿಂಟ್ ಇಲ್ಲದೆ ನಿದ್ದೆಯೇ ಬರಲ್ಲ ಅನ್ನುವವರಿಗೆ ಜಿಡಿಬಿಯಲ್ಲೇ ಡಿಪ್ರಿಂಟ್‌ಎಫ್ ಇದೆ. ಕೋಡು ಮುಟ್ಟದೆ, ಮತ್ತೆ ಕಂಪೈಲ್ ಮಾಡದೆ ಬೇಕಾದ ಸಾಲಿನಲ್ಲಿ ಬೇಕಾದ್ದನ್ನು ಪ್ರಿಂಟ್ ಮಾಡಿಸಬಹುದು. ಅದು ಡಿಬಗ್ಗರಿನ ಬಾಯಲ್ಲಿ ಬರುತ್ತೆ, ಪ್ರೋಗ್ರಾಮಿನ ಬಾಯಿ ಕೆಡಿಸುವುದಿಲ್ಲ.

ಆ ಶನಿವಾರ ನಾನು ಮಾಡಿದ್ದು ಇದರಲ್ಲಿ ಮೊದಲನೆಯದು ಮಾತ್ರ. ಮೊದಲ ರಾತ್ರಿಯ ದಾಖಲೆ ಫೈಲು ಕೊಟ್ಟು ರನ್ ಅಂದೆ. ಒಂದು ನಿಮಿಷ ಹಿಡಿಯಲಿಲ್ಲ. ಲಾಗಿನ ಕೊನೆಯ ದಾಖಲೆಗಿಂತ ಹದಿನೇಳು ದಾಖಲೆ ಮುಂದೆ ಹೋಗಿ ನಿಂತಿತು. ಬ್ಯಾಕ್‌ಟ್ರೇಸ್ ಕೇಳಿದೆ. ಮೇಲಿನ ಸಾಲಿನಲ್ಲಿ ಇದ್ದದ್ದು ನನ್ನ ಫಂಕ್ಷನ್. ದರಪಟ್ಟಿಯಲ್ಲಿ ಇಲ್ಲದ ಒಂದು ಕೋಡು ಬಂದಿತ್ತು, ಹುಡುಕುವ ಫಂಕ್ಷನ್ ನಲ್ ಪಾಯಿಂಟರ್ ಕೊಟ್ಟಿತ್ತು, ನಾನು ನಲ್ ಹೌದೋ ಅಲ್ಲವೋ ನೋಡದೆ ಬಳಸಿದ್ದೆ. ಎರಡು ಸಾಲಿನ ತಪ್ಪು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು, ಬರೆ ಎಳೆಯಲು ಕಬ್ಬಿಣ ಕಾಯಿಸಿಕೊಟ್ಟವನೇ ನಾನು.

ಈ ಅಜ್ಞಾನ ಎಲ್ಲಿಂದ ಬಂತು ಅಂತ ಯೋಚಿಸಿದರೆ ಮೊದಲು ಕಾಲೇಜಿನ ಲ್ಯಾಬ್ ನೆನಪಾಗುತ್ತೆ. ನನ್ನ ವಯಸ್ಸಿನ ಬಹಳಷ್ಟು ಬಿಇಗಳು ಸಿ ಕಲಿತದ್ದು ಟರ್ಬೊ ಸಿಯ ನೀಲಿ ಪರದೆಯಲ್ಲಿ. ಕಂಟ್ರೋಲ್ ಎಫ್9 ಒತ್ತಿದರೆ ಔಟ್‌ಪುಟ್ ಮಿಂಚಿನ ಹಾಗೆ ಬಂದು ಮಾಯವಾಗುತ್ತಿತ್ತು. ಅದಕ್ಕೆ ಎಲ್ಲರೂ ಕೊನೆಯಲ್ಲಿ ಗೆಟ್‌ಸಿಎಚ್ ಹಾಕಿ ಪ್ರೋಗ್ರಾಮನ್ನು ಕಟ್ಟಿಹಾಕುತ್ತಿದ್ದೆವು. ಯಾಕೆ ಅಂತ ಕೇಳಿದರೆ “ಹಾಕ್ಬೇಕು, ಹಾಕಿ” ಅಷ್ಟೇ ಉತ್ತರ. ನಿಜ ಏನೆಂದರೆ ಔಟ್‌ಪುಟ್ ಎಲ್ಲಿಗೂ ಹೋಗಿರಲಿಲ್ಲ. ಟರ್ಬೊ ಸಿ ನಿಮ್ಮ ಪ್ರೋಗ್ರಾಮಿಗೆ ಒಂದು ಪರದೆ, ತನಗೆ ಒಂದು ಪರದೆ ಅಂತ ಬೇರೆ ಬೇರೆ ಇಟ್ಟುಕೊಂಡಿತ್ತು. ಆಲ್ಟ್ ಎಫ್5 ಒತ್ತಿದರೆ ಪ್ರೋಗ್ರಾಮಿನ ಪರದೆ ಕಾಣುತ್ತಿತ್ತು. ಎಫ್7, ಎಫ್8 ಒತ್ತಿ ಸಾಲುಸಾಲಾಗಿ ನಡೆಸಬಹುದಾಗಿತ್ತು. ಇಬ್ಬರನ್ನು ಬೇರೆ ಕೂರಿಸುವ ವ್ಯವಸ್ಥೆ ಮೊದಲ ದಿನದಿಂದ ಕಣ್ಣೆದುರಿಗೇ ಇತ್ತು. ನಮಗೆ ಕಲಿಸಿದ್ದು ಗೆಟ್‌ಸಿಎಚ್.

ಇಂಟರ್ವ್ಯೂಗಳೂ ಕಮ್ಮಿಯಿಲ್ಲ. ಲಿಂಕ್ಡ್ ಲಿಸ್ಟ್ ಉಲ್ಟಾ ಮಾಡಿ ಅಂತ ಬೋರ್ಡಿನ ಮುಂದೆ ನಿಲ್ಲಿಸುತ್ತೇವೆ. ನಿನ್ನ ಪ್ರೋಗ್ರಾಮು ಸತ್ತಾಗ ಅದರ ಕೊನೇ ಮಾತು ಎಲ್ಲಿರುತ್ತಪ್ಪ ಅಂತ ಒಬ್ಬರೂ ಕೇಳಲ್ಲ. ಲಿಂಕ್ಡ್ ಲಿಸ್ಟ್ ಉಲ್ಟಾ ಮಾಡುವ ಪ್ರಸಂಗ ನನಗೆ ಕೆಲಸದಲ್ಲಿ ಇವತ್ತಿನವರೆಗೂ ಬಂದಿಲ್ಲ. ಸತ್ತ ಪ್ರೋಗ್ರಾಮು ವಾರಕ್ಕೊಂದು ಬರುತ್ತೆ.

ಈಗ ನೀವು ಹೇಳುವುದು ಗೊತ್ತು. “ಬ್ರಯಾನ್ ಕರ್ನಿಹನ್ ಅಂಥವರೇ ಪ್ರಿಂಟ್ ಹಾಕಿ ಡಿಬಗ್ ಮಾಡಿ ಅಂದಿದ್ದಾರೆ, ಲಿನಸ್ ಟೊರ್ವಾಲ್ಡ್ಸ್‌ಗೆ ಡಿಬಗ್ಗರ್ ಕಂಡರೆ ಆಗಲ್ಲ, ನೀನ್ಯಾವನೋ?” ನಿಜ, ಇಬ್ಬರೂ ಆ ಪಕ್ಷದವರೇ. ಆದರೆ ಕರ್ನಿಹನ್ ಡೆನಿಸ್ ರಿಚಿ ಜೊತೆ ಸೇರಿ 1978ರಲ್ಲಿ ಸಿ ಭಾಷೆಯ ಪುಸ್ತಕ ಬರೆದವರು. ಯಾವ ಅಕ್ಷರ ಯಾವ ಬಫರಿನಲ್ಲಿ ಕೂತಿದೆ ಅಂತ ಅವರಿಗೆ ನಿದ್ದೆಯಲ್ಲೂ ಗೊತ್ತು. ಬ್ಯಾಕ್‌ಟ್ರೇಸ್ ನೋಡಲು ಅವರೂ ಡಿಬಗ್ಗರ್ ಬಳಸುತ್ತಾರೆ. ಟೊರ್ವಾಲ್ಡ್ಸ್ ಅವರ ಕರ್ನಲ್ಲಿಗೂ 2008ರಲ್ಲಿ, 2.6.26 ಆವೃತ್ತಿಯಲ್ಲಿ, ಕೆಜಿಡಿಬಿ ಸೇರಿತು. ಪ್ರಿಂಟ್ ಹಾಕುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪ್ರಿಂಟ್ ಮಾಡಿದ್ದು ಎಲ್ಲಿಗೆ ಹೋಗುತ್ತೆ, ಯಾವಾಗ ಹೋಗುತ್ತೆ ಅಂತ ತಿಳಿಯದೆ ಅದರ ಮೇಲೆ ತೀರ್ಪು ಕೊಡುವುದು ತಪ್ಪು. ಸ್ಟ್ಯಾಂಡರ್ಡ್ ಎರರಿಗೆ ಬರೆದಿದ್ದರೆ ಬಫರ್ ಇಲ್ಲದೆ ತಕ್ಷಣ ಆಚೆ ಬರುತ್ತಿತ್ತು, ನಮ್ಮ ಪ್ರಿಂಟ್‌ಎಫ್ ಕೂಡ ನಿಜವನ್ನೇ ಹೇಳುತ್ತಿತ್ತು. ಅಷ್ಟೂ ನಮಗೆ ಗೊತ್ತಿರಲಿಲ್ಲ. ದೊಡ್ಡವರ ಅಭ್ಯಾಸ ಕಲಿತೆವು, ಆ ಅಭ್ಯಾಸದ ಹಿಂದಿನ ತಿಳಿವಳಿಕೆ ಕಲಿಯಲಿಲ್ಲ.

“ಇದೆಲ್ಲ ಸಿ ಕಾಲದ ಕಥೆ, ನಮ್ಮದು ಪೈಥಾನು, ಡಾಕರು” ಅಂತ ನಗುವವರಿಗೂ ಒಂದು ಮಾತು. ಪೈಥಾನಿನ ಪ್ರಿಂಟ್ ಕೂಡ ಟರ್ಮಿನಲ್ ಇಲ್ಲದಿದ್ದರೆ ಬಫರಿನಲ್ಲೇ ಕೂರುತ್ತೆ. ಮೆಮೊರಿ ಸಾಲದೆ ಕರ್ನಲ್ಲು ಆ ಪ್ರೋಸೆಸ್ಸನ್ನು ಕೊಂದರೆ ಕೊನೆಯ ಸಾಲುಗಳು ಅಲ್ಲಿಯೂ ಗೋವಿಂದ. ಪೈಥಾನ್ ಶುರು ಮಾಡುವಾಗ -ಯು ಅಂತ ಕೊಡುವ ಪದ್ಧತಿ ಹುಟ್ಟಿದ್ದು ಸುಮ್ಮನೆ ಅಲ್ಲ. ಪಿಡಿಬಿಗೆ ಹೊರಗಿನಿಂದ < ಹಾಕಿ ಫೈಲು ಕೊಟ್ಟು ನೋಡಿ, ಅದೂ ನಿಮ್ಮ ದಾಖಲೆಯನ್ನು ಕಮಾಂಡು ಅಂತಲೇ ನುಂಗುತ್ತೆ. ವಿಎಸ್ ಕೋಡಿನಲ್ಲಿ ಪೈಥಾನ್ ಡಿಬಗ್ ಮಾಡುವಾಗ ಇಂಟರ್ನಲ್ ಕನ್ಸೋಲ್ ಆರಿಸಿದ್ದರೆ ನಿಮ್ಮ ಪ್ರೋಗ್ರಾಮಿಗೆ ಕೀಬೋರ್ಡಿನಿಂದ ಏನೂ ಓದಲು ಬರುವುದಿಲ್ಲ, ಇಂಟಿಗ್ರೇಟೆಡ್ ಟರ್ಮಿನಲ್ ಆರಿಸಬೇಕು. ಭಾಷೆ ಬದಲಾಗಿದೆ, ಬಣ್ಣ ಬದಲಾಗಿದೆ. ಒಂದು ಕೋಣೆ, ಇಬ್ಬರು ಮಾತುಗಾರರು ಅನ್ನುವ ಸಮಸ್ಯೆ ಇದ್ದ ಹಾಗೇ ಇದೆ.

“ಟೈಮ್ ಇಲ್ಲ, ಕ್ಲೈಂಟ್ ಕಾಯ್ತಿದ್ದಾರೆ” ಅನ್ನುವವರಿಗೆ ನನ್ನ ಹತ್ತಿರ ಲೆಕ್ಕ ಮಾತ್ರ ಇದೆ. ಆ ಕಡೆ ಒಬ್ಬ ಇಂಜಿನಿಯರಿನ ಎರಡು ವಾರ, ಈ ಕಡೆ ಒಂದು ನಿಮಿಷ.

ಆದರೆ ನಿಜವಾದ ನಷ್ಟ ಆ ಎರಡು ವಾರದ್ದಲ್ಲ. ಸೋಮವಾರ ಮ್ಯಾನೇಜರ್ ಹತ್ತಿರ ಹೋಗಿ ತಪ್ಪು ನನ್ನದು ಅಂದೆ. “ಓಹ್, ಸರಿ, ಫಿಕ್ಸ್ ಮಾಡಿ” ಅಂದರು. ಮೇಲ್ ಹಾಕಿದೆ. ಕಳಿಸಿದ ಮೇಲೆ ನೋಡಿಕೊಂಡೆ: ಅವಳ ಹೆಸರು ಕೆಂಪಾಗಿ ಬಂದ ಮೇಲಿನಲ್ಲಿ ಹದಿನಾಲ್ಕು ಜನ ಇದ್ದರು, ನನ್ನ ತಪ್ಪೊಪ್ಪಿಗೆಯಲ್ಲಿ ಮೂರೇ ಜನ. ಬೇಕಂತ ಮಾಡಿದ್ದಲ್ಲ ಅಂತ ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆ ವರ್ಷದ ಅಪ್ರೈಸಲ್ಲಿನಲ್ಲಿ ಅವಳಿಗೆ ಕೋಡ್ ಗುಣಮಟ್ಟ ಸುಧಾರಿಸಬೇಕು ಅಂತ ಬರೆದಿದ್ದರು. ಬರೆದವರಿಗೆ ನೆನಪಿದ್ದದ್ದು ಮೊದಲ ಮೇಲ್. ಅವಳಿಗೆ ಅವತ್ತು ಕ್ಷಮೆ ಕೇಳಿದೆ. “ಪರವಾಗಿಲ್ಲ ಸರ್” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ನಾನೂ ನನ್ನದೇ ತಪ್ಪು ಅಂತ ನಂಬಿಬಿಟ್ಟಿದ್ದೆ” ಅಂದಳು. ಆ ಎರಡನೇ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಇದು ಅವರವರ ಅಭಿರುಚಿಯ ವಿಷಯ ಅಲ್ಲ. ನಿನಗೆ ಪ್ರಿಂಟ್ ಇಷ್ಟ, ನನಗೆ ಡಿಬಗ್ಗರ್ ಇಷ್ಟ ಅಂತ ಕಾಫಿ ಕುಡಿದು ಎದ್ದು ಹೋಗುವ ಚರ್ಚೆ ಅಲ್ಲ. ಪ್ರೋಗ್ರಾಮಿನ ಇನ್‌ಪುಟ್ಟು, ಔಟ್‌ಪುಟ್ಟು ಅಂದರೆ ಸಾಕ್ಷಿ. ಸಾಕ್ಷಿಯನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಕೇಳಬೇಕು ಅಂತ ಗೊತ್ತಿಲ್ಲದವರು ನ್ಯಾಯ ಹೇಳಲು ಕೂರಬಾರದು. ಕ್ರ್ಯಾಶ್ ಆದ ಇನ್‌ಪುಟ್ ಇದ್ದ ಹಾಗೇ ಎತ್ತಿಡಿ. ಅದನ್ನೇ ಡಿಬಗ್ಗರಿನ ಒಳಗೆ ಕೊಟ್ಟು ಓಡಿಸಿ. ಬ್ಯಾಕ್‌ಟ್ರೇಸ್ ಕಣ್ಣಿಂದ ನೋಡುವ ತನಕ ಯಾರ ಹೆಸರನ್ನೂ ಬಾಯಿಗೆ ತರಬೇಡಿ. ತಂದು ತಪ್ಪಾದರೆ, ಮೊದಲ ಮೇಲಿನಲ್ಲಿ ಇದ್ದವರೆಲ್ಲ ಎರಡನೆಯದರಲ್ಲೂ ಇರಲಿ.

ನಿಮ್ಮ ಆಫೀಸಿನಲ್ಲೂ ಇವತ್ತು ಯಾವುದೋ ಪ್ರೋಗ್ರಾಮು ಸತ್ತಿರುತ್ತೆ, ಯಾರೋ ಒಬ್ಬರ ಸಾಲಿನ ಮೇಲೆ ಲಾಗ್ ನಿಂತಿರುತ್ತೆ. ಅದರ ಗಾತ್ರ ನೋಡಿ, 4096ರಿಂದ ಭಾಗಿಸಿ. ಶೇಷ ಸೊನ್ನೆ ಬಂದರೆ ಮೇಲ್ ಬರೆಯುವ ಕೈಯನ್ನು ಸ್ವಲ್ಪ ತಡೆದುಕೊಳ್ಳಿ.